ಲಗಮವ್ವನ ಮೋಟಾರು ಪಾಳಿ

ತುಬಚಿಯ ನಾಲ್ಕು ಮನೆಗಳು ಕೂಡಿ ಒಂದು ಮೋಟಾರು ಕೊಂಡವು ಅಂದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ. ಆಗ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಆ ನಾಲ್ಕು ಮನೆಯವರು ಕೂಡಿಯೇ ಬಾವಿ ತೋಡಿಸಿದ್ದರು, ಕೂಡಿಯೇ ಗಾಣ ಹಾಕಿ ಬೆಲ್ಲ ಮಾಡುತ್ತಿದ್ದರು, ಕೂಡಿಯೇ ಜಗಳಾಡುತ್ತಿದ್ದರು. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ಆರು ವರ್ಷವಾಗಿತ್ತು. ಆ ವರ್ಷ ಬೆಲ್ಲಕ್ಕೆ ಎಂದೂ ಕಾಣದ ರೇಟು ಬಂತು. ಅದೇ ಹೊತ್ತಿಗೆ ಜಮಖಂಡಿಯ ವಕೀಲರೊಬ್ಬರು ಪುಣೆಗೆ ಮನೆ ಬದಲಿಸುವವರು ತಮ್ಮ ಕರಿ ಮೋಟಾರನ್ನು ಮಾರಲಿಕ್ಕಿಟ್ಟರು. ಬೆಲ್ಲ ಹಾಕಲು ಪೇಟೆಗೆ ಹೋಗಿದ್ದ ಹಿರಿಯ ಗಿರಮಲ್ಲಪ್ಪ ಅದರ ಸುತ್ತ ಮೂರು ಸಲ ತಿರುಗಿದ. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ಅದರ ಮೂತಿಯ ಜಾಳಿಗೆಯಲ್ಲಿ ಬೆರಳಾಡಿಸಿದ. ಆಮೇಲೆ ಉಳಿದವರನ್ನು ಕರೆದು ಹೇಳಿದ:

"ಬಾವಿ ನಾಕ ಮಂದಿ ಕೂಡಿ ತೋಡಿಸೇವಿ. ಇದನ್ನ ಕೂಡಿ ತಗೊಳ್ಳಾಕ ಏನ ಧಾಡಿ?"

ಪಾಲುದಾರರು ಯಾರೆಂದರೆ, ಒಬ್ಬ ಈ ಗಿರಮಲ್ಲಪ್ಪ. ಇನ್ನೊಬ್ಬ ಸಾಬಣ್ಣ, ಯಾರು ಏನೆಂದರೂ ಹೂಂ ಅನ್ನುವವನು. ಮೂರನೆಯವನು ಚನಮಲ್ಲಪ್ಪ, ಯಾರು ಏನೆಂದರೂ ಉಹೂಂ ಅನ್ನುವವನು. ನಾಲ್ಕನೆಯವಳು ನಮ್ಮ ಲಗಮವ್ವ. ಗಂಡ ಅಮಸಿದ್ದಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗ ಕುರಿ ಹಿಂಡಿನ ಬೆನ್ನು ಹತ್ತಿ ವರ್ಷದ ಎಂಟು ತಿಂಗಳು ಊರ ಹೊರಗೇ ಇರುತ್ತಿದ್ದ. ಬಾವಿಯ ಕಾಲು ಪಾಲು ಅವಳದಾದ್ದರಿಂದ ಮೋಟಾರಿನ ಕಾಲು ಪಾಲೂ ಅವಳದೇ ಆಯಿತು. ಬೇಕೋ ಬೇಡವೋ ಎಂದು ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, "ನನಗ್ಯಾಕ್ರೀ ಆ ಹೊಗಿ ಉಗುಳೂ ದೆವ್ವ?" ಎನ್ನುತ್ತಿದ್ದಳು.

ಮೋಟಾರು ಬಂದ ದಿನವೇ, ಯಾರು ಎಂದು ಹತ್ತಬೇಕು ಎಂಬ ಪ್ರಶ್ನೆ ಎದ್ದಿತು. ಗಿರಮಲ್ಲಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಬಾವಿಗೆ ಪಾಳಿ ಇತ್ತಲ್ಲ, ಅದನ್ನೇ ಮೋಟಾರಿಗೂ ಹಚ್ಚಿದ.

ಬಾವಿಯ ಕಾಯಿದೆ ಹೀಗಿತ್ತು. ಎತ್ತು ಹೂಡಿ ತೊಗಲಿನ ಮಟ್ಟಿಯಲ್ಲಿ ನೀರೆತ್ತುವ ಬಾವಿ ಅದು. ಹೊತ್ತು ಹುಟ್ಟಿದಾಗಿನಿಂದ ಮರುದಿನ ಹೊತ್ತು ಹುಟ್ಟುವ ತನಕ ಒಬ್ಬರ ಪಾಳಿ. ನಾಲ್ಕು ದಿನಕ್ಕೊಮ್ಮೆ ಸರದಿ ಬರುತ್ತದೆ. ಪಾಳಿ ಮುಗಿಯುವಾಗ ತೊಟ್ಟಿಯಲ್ಲಿ ಉಳಿದ ನೀರು ಪಾಳಿಯವನದೇ, ಕೊನೆಯ ಹನಿಯ ತನಕ ಬಳಿದುಕೊಂಡು ಹೋಗಬಹುದು. ಮೂರು ಸರದಿ ಸುಮ್ಮನೆ ಬಿಟ್ಟರೆ ಆ ವರ್ಷದ ಪಾಳಿ ಉಳಿದವರ ಪಾಲು. ಇನ್ನೊಂದು ಮಾತಿತ್ತು: ಎತ್ತು ನೊಗದಲ್ಲಿರುವ ತನಕ ಪಾಳಿ ಮುಗಿಯುವುದಿಲ್ಲ. ಹೊತ್ತು ಹುಟ್ಟಿರಲಿ, ನೆತ್ತಿಗೇ ಬಂದಿರಲಿ, ಎತ್ತಿನ ಕೊಳ್ಳ ಹರಿದು, ಅಂದರೆ ಕೊರಳ ಗಂಟು ಬಿಚ್ಚಿ, ನೊಗ ಕೆಳಗಿಳಿಸಿದ ಮೇಲೆಯೇ ಮುಂದಿನವನು ಬಾವಿಗೆ ಕಾಲಿಡಬೇಕು. ಮೈ ಬೆವರಿದ ಎತ್ತನ್ನು ಅರ್ಧಕ್ಕೆ ಎಬ್ಬಿಸಬಾರದು ಎಂದು ಹಿಂದಿನವರು ಮಾಡಿದ ಕಟ್ಟಳೆ ಅದು.

"ಮೋಟಾರಿಗೆ ಎತ್ತೆಲ್ಲಿ ಅದಾವೋ ಮಾರಾಯಾ? ಆ ಮಾತು ತಗೀರಿ," ಎಂದ ಚನಮಲ್ಲಪ್ಪ.

"ಇರ್ಲಿ ಬಿಡು. ಕಾಯದೆ ಇದ್ದದ್ದು ಇದ್ದಂಗ," ಎಂದ ಗಿರಮಲ್ಲಪ್ಪ. ಸಾಬಣ್ಣ ಹೂಂ ಅಂದ.

ಅಲ್ಲಿಂದ ಶುರುವಾಯಿತು ನೋಡಿ ತಮಾಷೆ. ಪಾಳಿ ಸುಮ್ಮನೆ ಬಿಡುವಂತಿಲ್ಲವಲ್ಲ, ಕೆಲಸ ಇರಲಿ ಬಿಡಲಿ ಮೋಟಾರು ಓಡಲೇಬೇಕು. ಗಿರಮಲ್ಲಪ್ಪ ಎಮ್ಮೆಯ ಕರುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮುಧೋಳ ಸಂತೆಗೆ ಹೋಗಿ, ಗಿರಾಕಿ ಸಿಗದೆ ಅದರ ಜೊತೆಗೇ ತಿರುಗಿ ಬಂದ. ಸಾಬಣ್ಣನ ಮನೆಯವರಿಗೆ ಹೋಗಲು ಎಲ್ಲೂ ಇರಲಿಲ್ಲ. ಆದರೂ ಮಂದಿಯೆಲ್ಲ ಒಳಗೆ ಕೂತು, ಊರ ಅಗಸಿಯ ತನಕ ಹೋಗಿ ಬಂದು, ಆಮೇಲೆ ಮನೆ ಮುಂದೆ ನಿಂತ ಮೋಟಾರಿನಲ್ಲೇ ರೊಟ್ಟಿ ಬಿಚ್ಚಿ ಉಂಡರು. ಚನಮಲ್ಲಪ್ಪ ಗೊಬ್ಬರದ ಬುಟ್ಟಿ ಹೇರಿಸಿದ. ಅಷ್ಟೇ ಅಲ್ಲ, ಪಾಳಿ ಮುಗಿಯುವ ಮುಂಚೆ ತಾನು ಹಾಕಿಸಿದ ಪೆಟ್ರೋಲಿನಲ್ಲಿ ಉಳಿದದ್ದನ್ನು ರಬ್ಬರ್ ನಳಿಗೆಯಿಂದ ಎಳೆದು ಡಬ್ಬಿಗೆ ತುಂಬಿಕೊಂಡ. ತೊಟ್ಟಿಯ ನೀರು ಬಳಿದುಕೊಳ್ಳುವ ಹಕ್ಕಿತ್ತಲ್ಲ! ಉಳಿದವರೂ ಕಲಿತರು. ಬರ್ಮಾದ ಯುದ್ಧದಲ್ಲಿ ಮಿಲಿಟರಿ ಲಾರಿ ಹೊಡೆದು ಬಂದಿದ್ದ ಡ್ರೈವರ್ ದಶರಥ ಮಾತ್ರ ಹಣೆ ಹಣೆ ಬಡಿದುಕೊಂಡ.

ಲಗಮವ್ವನ ಎರಡು ಪಾಳಿಯೂ ಹಾಗೇ ಹೋದವು. ಮೋಟಾರು ಅವಳ ಕಣದಲ್ಲಿ ದಿನವಿಡೀ ನಿಂತಿತು, ಕೋಳಿಗಳು ಅದರ ಅಡಿಗೆ ಸೇರಿ ತತ್ತಿ ಇಟ್ಟವು. ಮೂರನೆಯದು ನಾಗರ ಚೌತಿಯ ದಿನ ಬೀಳುತ್ತಿತ್ತು. ಅದೂ ಹೋದರೆ ವರ್ಷದ ಪಾಳಿ ಹೋಯಿತು. ಚನಮಲ್ಲಪ್ಪ ಆಗಲೇ ಬಾಯಿ ಚಪ್ಪರಿಸುತ್ತಿದ್ದ. "ಲಗಮವ್ವಗ ಎಲ್ಲಿ ಹೋಗೂದೈತಿ ಪಾಪ," ಎಂದು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಮರುಗುತ್ತಿದ್ದ.

ಎಲ್ಲಿ ಹೋಗುವುದಿತ್ತು ಎಂದು ಲಗಮವ್ವನಿಗೆ ಮಾತ್ರ ಗೊತ್ತಿತ್ತು. ಒಂಬತ್ತು ವರ್ಷದಿಂದ ಗೊತ್ತಿತ್ತು.

ಅವಳ ತವರು ಬನಹಟ್ಟಿಯ ಹತ್ತಿರದ ಚಿಮ್ಮಡ, ಬಂಡಿಯಲ್ಲಾದರೆ ಇಡೀ ದಿನದ ದಾರಿ. ಒಬ್ಬನೇ ಅಣ್ಣ, ಧರೆಪ್ಪ. ಪಂಚಮಿ ಬಂತೆಂದರೆ ಅಣ್ಣ ಬಂಡಿ ಹೂಡಿಕೊಂಡು ಕರೆಯಲಿಕ್ಕೆ ಬರುವನು, ಅವಳು ಗಂಟು ಕಟ್ಟಿಕೊಂಡು ಬಾಗಿಲಲ್ಲೇ ನಿಂತಿರುವಳು. ಒಂಬತ್ತು ವರ್ಷದ ಹಿಂದೆ ಅವನು ಒಂದು ದಿನ ತಡವಾಗಿ ಬಂದ. ಎಡದ ಎತ್ತು ಕೆಂಚನ ಗೊರಸಿಗೆ ಕಲ್ಲು ನಟ್ಟು ಕುಂಟುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅಮಸಿದ್ದಪ್ಪ ಚೇಷ್ಟೆಗೆ, "ಏನಪಾ ಧರೆಪ್ಪಣ್ಣ, ನಿನ್ನ ಎತ್ತ ನಂಬಿ ಕುಂತ್ರ ಪಂಚಮಿ ಹೋಗಿ ದೀಪಾವಳಿ ಬರತೈತಿ. ನಮ್ಮ ಎರಡ ಕುರಿ ಕೊಡ್ತೇನಿ, ಹೂಡು, ಲಗೂನ ಬರ್ತಿ," ಎಂದುಬಿಟ್ಟ. ತನಗೆ ಏನಾದರೂ ಅಂದಿದ್ದರೆ ಧರೆಪ್ಪ ನಕ್ಕು ಬಿಡುತ್ತಿದ್ದ. ಎತ್ತಿಗೆ ಅಂದದ್ದು ಮನಸ್ಸಿಗೆ ನಟ್ಟಿತು. ಇನ್ನೂ ನೊಗ ಇಳಿಸಿರಲಿಲ್ಲ. "ನನ್ನ ಎತ್ತಿಗೆ ಅಂದ್ಯಾ? ಆತು. ಇನ್ನ ಮ್ಯಾಲ ನನ್ನ ಬಂಡಿ ನಿನ್ನ ಬಾಗಲದಾಗ ಕೊಳ್ಳ ಹರಿಯಂಗಿಲ್ಲ," ಎಂದವನೇ ಬಂಡಿ ಹೊರಳಿಸಿದ. ಲಗಮವ್ವ ಗಂಟು ಹಿಡಿದು ನಿಂತೇ ಇದ್ದಳು.

ಅಮಸಿದ್ದಪ್ಪ ತೀರಿಕೊಂಡಾಗ ಧರೆಪ್ಪ ಬಂದ, ಆದರೆ ನಡೆದು ಬಂದ. ಮಣ್ಣು ಹಾಕಿದ, ತಂಗಿಯ ತಲೆ ಸವರಿದ, ನಡೆದೇ ಹೋದ. ಮಾತಿಗೆ ತಪ್ಪದ ಮನುಷ್ಯ! ಇಂಥ ಗಂಡಸರ ಮಾತಿಗಷ್ಟು ಬೆಂಕಿ ಹಾಕ. ಹಾಗಂತ ಲಗಮವ್ವ ತಾನೇ ಎದ್ದು ಹೋಗುವಂತಿರಲಿಲ್ಲ. ಕರೆಯಲು ಬಾರದೆ ಪಂಚಮಿಗೆ ತವರಿಗೆ ಹೋದವಳನ್ನು ಓಣಿಯ ಹೆಂಗಸರು ನೋಡುವ ನೋಟ ಅವಳಿಗೆ ಗೊತ್ತಿತ್ತು.

ಚೌತಿಯ ಹಿಂದಿನ ದಿನ ಅವಳು ಪಡಸಾಲೆಯಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ಎದುರು ಮನೆಯ ಮುಂದೆ ಒಂದು ಬಂಡಿ ಬಂದು ನಿಂತಿತು. ಆ ಮನೆಯ ಸೊಸೆಯ ತಮ್ಮ, ಮೀಸೆ ಇನ್ನೂ ಚಿಗುರದ ಹುಡುಗ, ಅಕ್ಕನನ್ನು ಕರೆಯಲು ಬಂದಿದ್ದ. ಮನೆ ಮಂದಿಯೆಲ್ಲ ಓಡಿ ಬಂದು, ಮಾಮಲೇದಾರ ಬಂದನೆನ್ನುವ ಹಾಗೆ ಅವನ ಕಾಲಿಗೆ ನೀರು ಕೊಟ್ಟರು. ಲಗಮವ್ವನ ಕೈಯ ಕದಿರು ನಿಂತಿತು. ಆ ಮರ್ಯಾದೆ ಯಾರಿಗೆ? ಹುಡುಗನಿಗಲ್ಲ, ಬಂಡಿ ಹೂಡಿಕೊಂಡು ಕರೆಯಲು ಬಂದವನಿಗೆ. ಬಂಡಿ ಇದ್ದವರು ಕರೆಯಲು ಬರುತ್ತಾರೆ, ಇಲ್ಲದವರು ಬಾಗಿಲಲ್ಲಿ ನಿಲ್ಲುತ್ತಾರೆ. ನಾಳೆ ಹೊತ್ತು ಹುಟ್ಟಿದರೆ ನನಗೂ ಒಂದು ಬಂಡಿ ಇದೆಯಲ್ಲ ಎಂದುಕೊಂಡಳು.

ಎದ್ದವಳೇ ಕಟ್ಟೆಗೆ ಹೋದಳು. "ಭಾವಾರ, ನಾಳೆ ನನ್ನ ಪಾಳಿ. ಮೋಟಾರು ಚಿಮ್ಮಡಕ್ಕ ಹೊಕ್ಕೈತಿ."

ಗಿರಮಲ್ಲಪ್ಪ ಕಣ್ಣರಳಿಸಿದ. "ತವರಿಗಿ? ಕರಿಯಾಕ ಯಾರ ಬಂದಾರ?"

"ಯಾರೂ ಬಂದಿಲ್ರಿ. ನಾನ ಕರಿಯಾಕ ಹೊಂಟೇನಿ. ನಮ್ಮಣ್ಣನ್ನ ಪಂಚಮಿಗೆ ಕರಕೊಂಡ ಬರ್ತೇನಿ."

"ಉಹೂಂ!" ಎಂದ ಚನಮಲ್ಲಪ್ಪ. "ಹೆಂಗಸು ಅಣ್ಣನ್ನ ಕರಿಯಾಕ ಹೋಗೂದು ಎಲ್ಲೆರೆ ಐತೇನ?"

"ಹೆಂಗಸಿಗೆ ಮೋಟಾರಿನ ಪಾಳಿ ಎಲ್ಲೆರೆ ಇತ್ತೇನ್ರೀ?" ಎಂದಳು ಲಗಮವ್ವ. ಸಾಬಣ್ಣ ಹೂಂ ಅಂದ.

ಮರುದಿನ ಹೊತ್ತು ಹುಟ್ಟುವ ಹೊತ್ತಿಗೆ ಅವಳು ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಕಟ್ಟಿಕೊಂಡಿದ್ದಳು. ತಾನೇ ನೂತು ನೇಯಿಸಿದ ಒಂದು ಕರಿ ಕಂಬಳಿಯನ್ನು ಅಣ್ಣನಿಗೆಂದು ಮಡಚಿ ಇಟ್ಟುಕೊಂಡಿದ್ದಳು. ದಶರಥ ಎರಡು ಡಬ್ಬಿ ಪೆಟ್ರೋಲ್ ಸುರಿದು, "ಒಂದು ಹೋಗಾಕ, ಒಂದು ಬರಾಕ. ಕರೆಕ್ಟ್ ಐತಿ ಚಿಗವ್ವಾ," ಎಂದ. ಅವನು ಹಿಂದಿನ ಬಾಗಿಲು ತೆಗೆದರೆ ಅವಳು ಒಪ್ಪಲಿಲ್ಲ. ಕರೆಯಲು ಹೋಗುವವರು ಬಂಡಿಯ ಮುಂದೆಯೇ ಕೂರಬೇಕು ಎಂದು ಅವನ ಮಗ್ಗುಲಲ್ಲೇ ಏರಿ ಕೂತಳು.

ಮೋಟಾರು ಗಡಗಡ ಅಂದಾಗ ಅವಳು, "ಬೀರಪ್ಪಾ, ನೀನ ಕಾಯೋ!" ಎಂದು ಕಣ್ಣು ಮುಚ್ಚಿದಳು. ಕಣ್ಣು ತೆರೆದರೆ ತುಬಚಿಯೇ ಇಲ್ಲ! ಹೊಲದ ಬದುವಿನ ಬೇವಿನಮರಗಳು ಹಿಂದಕ್ಕೆ ಓಡುತ್ತಿದ್ದವು. ಹೆದರಿಕೆ ಹೋಗಿ ಅವಳಿಗೆ ಖುಷಿ ತಡೆಯದಾಯಿತು, ಬಾಯಿಗೆ ಸೆರಗು ಹಿಡಿದು ನಕ್ಕಳು. ಹಾರ್ನು ಕೆಟ್ಟಿತ್ತು. ದಾರಿಗೆ ದನ ಕುರಿ ಅಡ್ಡ ಬಂದರೆ ದಶರಥನಿಗಿಂತ ಮೊದಲು ಲಗಮವ್ವನೇ ಕಿಟಕಿಯಿಂದ ತಲೆ ಹೊರಹಾಕಿ, "ಹೋಯ್! ಹಾದಿ ಬಿಡ್ರೋ!" ಎಂದು ಕೂಗುತ್ತಿದ್ದಳು. ಕುರಿ ಕಾಯ್ದ ಗಂಟಲು, ಯಾವ ಹಾರ್ನಿಗೂ ಕಡಿಮೆ ಇರಲಿಲ್ಲ.

ಜಮಖಂಡಿ ದಾಟಿದ ಮೇಲೆ ದಶರಥ ಮಾತಿಗೆ ಕೂತ. "ನೋಡ್ತಾ ಇರು ಚಿಗವ್ವಾ, ಇನ್ನ ಇಪ್ಪತ್ತ ಮೂವತ್ತ ವರ್ಷಕ್ಕ ಮನಿಗೊಂದು ಮೋಟಾರ ಬರತಾವ. ಪಾಳಿಯಿಲ್ಲ ಏನಿಲ್ಲ. ಮನಸ್ಸ ಬಂತೋ, ಹತ್ತಿದ, ಹೋದ."

"ಮನಿಗೊಂದು ಆದ್ರ ನಿಲ್ಲಸೂದೆಲ್ಲೋ? ನಮ್ಮ ಓಣ್ಯಾಗ ಎರಡ ಬಂಡಿ ಎದರಾಬದರ ಬಂದ್ರ ಜಗಳ ಹತ್ತತೈತಿ."

"ಅದೂ ಖರೆ," ಎಂದು ದಶರಥ ತಲೆ ಕೆರೆದುಕೊಂಡ.

ಲಗಮವ್ವ ಮತ್ತೆ ಕೇಳಿದಳು, "ಹಂಗಾದ್ರ ಪಂಚಮಿಗೆ ಹೆಣ್ಮಕ್ಕಳು ತಾವ ಹತ್ತಿ ತವರಿಗಿ ಬರ್ತಾರೇನ? ಛಲೋನ ಆತು ಬಿಡು. ಆದ್ರ ಕರಿಯಾಕ ಬರವ್ರು ಯಾರೂ ಇರಂಗಿಲ್ಲಲ್ಲೋ." ಬನಹಟ್ಟಿಯ ಮಗ್ಗಗಳ ಸದ್ದು ಆಗಲೇ ಕೇಳುತ್ತಿತ್ತು.

ಚಿಮ್ಮಡದ ದಾರಿ ಹಿಡಿದಾಗ ಅವಳಿಗೆ ಅಳುಕು ಹತ್ತಿತು. ಬರುವುದೇನೋ ಬಂದಾಯಿತು. ಅಣ್ಣ ಬರುವುದಿಲ್ಲ ಎಂದರೆ? ಊರ ಮುಂದೆಯೇ ಬರಿ ಮೋಟಾರು ಹೊರಳಿಸಿಕೊಂಡು ಹೋಗಬೇಕಾದರೆ? ಒಮ್ಮೆ ಹಾಗಾದರೆ ಈ ಜನ್ಮದಲ್ಲಿ ಮತ್ತೆ ಈ ದಾರಿ ಇಲ್ಲ ಎಂದು ಅವಳಿಗೆ ಗೊತ್ತಿತ್ತು.

ಇತ್ತ ಧರೆಪ್ಪನ ಮನೆಯಲ್ಲಿ ಬೇರೆಯೇ ಗದ್ದಲ. ಚಿಮ್ಮಡಕ್ಕೆ ಮೋಟಾರು ಬಂದರೆ ಅದು ಸರಕಾರದ್ದೇ. ಸರಕಾರದ ಲೇವಿ ಧಾನ್ಯ ವಸೂಲಿಗೆ ಮಾಮಲೇದಾರ ಬಂದ ಎಂದು ತಿಳಿದು ಅವನ ಹೆಂಡತಿ ಸಿದ್ದಕ್ಕ ಜೋಳದ ಚೀಲದ ಮೇಲೆ ಕೌದಿ ಹೊದಿಸಿ, ಅದರ ಮೇಲೆ ತಾನೇ ನರಳುತ್ತ ಮಲಗಿಬಿಟ್ಟಳು. ಧರೆಪ್ಪ ಗಡಬಡಿಸಿ ರುಮಾಲು ಸುತ್ತಿಕೊಂಡು, ಕೈ ಮುಗಿದು ಹೊರಗೆ ಬಂದ. ಬಗ್ಗಿದ ತಲೆ ಎತ್ತಿದರೆ ಮುಂದೆ ತಂಗಿ!

"ಲಗಮೀ?" ಎಂದ. ಮುಗಿದ ಕೈ ಮುಗಿದ ಹಾಗೇ ಇತ್ತು. "ಯಾರ ಮೋಟಾರ ಇದು?"

"ನಂದು. ನಾಳೆ ಹೊತ್ತ ಹುಟ್ಟೂತನಕ ನಂದು."

"ಯಾಕ ಬಂದಿ?"

"ಕರಿಯಾಕ ಬಂದೇನಿ ಅಣ್ಣಾ. ಪಂಚಮಿಗೆ ಬಾ."

ಓಣಿಯೆಲ್ಲ ಕೂಡಿತ್ತು. ಧರೆಪ್ಪ ಮೀಸೆ ತಿರುವಿದ, ನೆಲ ನೋಡಿದ. "ನಾ ಏನಂದೇನಿ ನಿನಗ ಗೊತ್ತೈತಿಲ್ಲ? ನನ್ನ ಬಂಡಿ..."

"ನಿನ್ನ ಬಂಡಿ ಯಾರ ಕೇಳ್ಯಾರ? ನಾ ಬಂಡಿ ತಂದೇನಿ. ನೀನೇನ ಹೂಡೂದು ಬ್ಯಾಡ, ಹರಿಯೂದು ಬ್ಯಾಡ. ಕುಂತರ ಸಾಕು. ಅಣ್ಣಾ, ಒಂಬತ್ತ ವರ್ಷ ನಾ ಬಾಗಲದಾಗ ನಿಂತೇನಿ. ನನಗ ಸಾಕಾಗೇತಿ." ಎಂದು ಮಡಚಿ ತಂದಿದ್ದ ಕಂಬಳಿಯನ್ನು ಅವನ ಹೆಗಲಿಗೆ ಹಾಕಿದಳು.

ಅಷ್ಟರಲ್ಲಿ ಮಾಮಲೇದಾರನಲ್ಲ ಎಂದು ಗೊತ್ತಾಗಿ ಸಿದ್ದಕ್ಕ ಹಾಸಿಗೆ ಬಿಟ್ಟು ಎದ್ದು ಬಂದಿದ್ದಳು. "ಹೇಳ್ರಿ, ತಂಗೀ ಮುಂದ ಖರೆ ಹೇಳ್ರಿ! ಇಲ್ಲಂದ್ರ ನಾ ಹೇಳ್ತೇನಿ. ಕೇಳವ್ವಾ, ಪ್ರತಿ ಪಂಚಮಿಗೆ ಈ ಮನಿಶಾ ಬಂಡಿ ಹೂಡತಾನ. ಜಮಖಂಡಿ ನಾಕಾತನಕ ಹೋಗ್ತಾನ. ಅಲ್ಲೊಂದು ಕಪ್ಪ ಚಹಾ ಕುಡದು ತಿರಗಿ ಬರ್ತಾನ. ಕೇಳಿದ್ರ ಹಗ್ಗ ತರಾಕ ಹೋಗಿದ್ದೆ ಅಂತಾನ. ನಿನ್ನೆ ತಂದದ್ದು ಸೇರಿ ನಮ್ಮ ಮನ್ಯಾಗ ಒಂಬತ್ತ ಹೊಸಾ ಹಗ್ಗ ಅದಾವ, ನೋಡ ಬಾ!"

ಓಣಿಯ ಮಂದಿ ಹೊಟ್ಟೆ ಹಿಡಿದು ನಕ್ಕರು. ಲಗಮವ್ವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಧರೆಪ್ಪನ ಕಿವಿ ಕೆಂಪಾಯಿತು. "ಹಗ್ಗ ಬೇಕಾಗಿದ್ದೂವು," ಎಂದು ಗೊಣಗಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಏನ ನೋಡಾಕತ್ತಿ? ಕರಿಯಾಕ ಬಂದಾರ. ಕಾಲಿಗೆ ನೀರ ಕೊಡು," ಎಂದ.

ಇಷ್ಟಾದ ಮೇಲೆ ಧರೆಪ್ಪನನ್ನು ಹಿಡಿಯುವವರು ಯಾರು? ತಂಗಿಯ ಮೋಟಾರು ಅಂದರೆ ತನ್ನದೇ ಮೋಟಾರು. ಮೊದಲು ಓಣಿಯ ಹಿರಿಯರನ್ನು ಕೂರಿಸಿ ಒಂದು ಸುತ್ತು. ಆಮೇಲೆ ದಾಯಾದಿಗಳು. ಆಮೇಲೆ ಐದು ವರ್ಷದಿಂದ ಮಾತು ಬಿಟ್ಟಿದ್ದ ಬೀಗರು. ಬೀರೇಶ್ವರನ ಗುಡಿಗೆ ಐದು ಪ್ರದಕ್ಷಿಣೆ ಹಾಕಿಸಿ, ಭಂಡಾರ ಹಾರಿಸಿ ಕರಿ ಮೋಟಾರನ್ನು ಹಳದಿ ಮಾಡಿದರು. ದಶರಥ ಹೋಳಿಗೆಯ ಮೇಲೆ ಹೋಳಿಗೆ ತಿಂದು ಯಾರು ಹತ್ತಿದರೂ ಹೊಡೆದ. ಮಧ್ಯಾಹ್ನದ ಹೊತ್ತಿಗೆ ಮೋಟಾರು ಎರಡು ಸಲ ಕೆಮ್ಮಿ ಧರೆಪ್ಪನ ಬಾಗಿಲಲ್ಲೇ ನಿಂತುಬಿಟ್ಟಿತು. ಬರಲಿಕ್ಕೆಂದು ಸುರಿದಿದ್ದ ಡಬ್ಬಿಯನ್ನು ಚಿಮ್ಮಡವೇ ಕುಡಿದಿತ್ತು. ಒಬ್ಬನನ್ನು ಸೈಕಲ್ ಮೇಲೆ ಬನಹಟ್ಟಿಗೆ ಅಟ್ಟಿದರೆ, ಪೆಟ್ರೋಲ್ ಮಾರುವವನು ಹಬ್ಬಕ್ಕೆ ಬೀಗ ಹಾಕಿ ಅತ್ತೆಮನೆಗೆ ಹೋಗಿದ್ದಾನೆ ಎಂದು ಸುದ್ದಿ ತಂದ.

ಲಗಮವ್ವ ಮೆಟ್ಟಿಲ ಮೇಲೆ ಕೂತಳು. "ಹೊತ್ತ ಹುಟ್ಟೂದ್ರಾಗ ಮೋಟಾರು ಮುಟ್ಟಿಸಬೇಕಣ್ಣಾ. ನಾಳೆ ಚನಮಲ್ಲಪ್ಪನ ಪಾಳಿ. ತಡಾ ಆದ್ರ ಆ ಮನಿಶಾ ನನ್ನ ಪಾಳಿ ಕಸಗೊಳ್ಳಾಕ ಕಾಯಾಕತ್ತಾನ."

ಧರೆಪ್ಪ ಮೋಟಾರನ್ನು ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ. "ಬಂಡಿ ಕೊಳ್ಳ ಹರಿಯಂಗಿಲ್ಲ ಅಂದಿದ್ದೆ," ಎಂದ. "ಮೋಟಾರ ಅಂತ ಅಂದಿರಲಿಲ್ಲ." ಒಳಗೆ ಹೋಗಿ ಒಂಬತ್ತು ಹೊಸ ಹಗ್ಗಗಳನ್ನೂ ತಂದು ಹಾಕಿದ.

ಎರಡು ಜೋಡಿ ಎತ್ತು ಹೂಡಿದರು, ಒಂದು ಧರೆಪ್ಪನದು, ಒಂದು ಮಾತು ಬಿಟ್ಟಿದ್ದ ಬೀಗರದು. ಹಿಂದೆ ಒಂದು ಮುದಿ ಎತ್ತನ್ನು ಹಗ್ಗಕ್ಕೆ ಕಟ್ಟಿಕೊಂಡ. ಅದು ಕೆಂಚ. "ಅದ್ಯಾಕ್ರೀ, ಮನ್ಯಾಗ ಮೇಯಲಿ," ಎಂದಳು ಸಿದ್ದಕ್ಕ. "ನಿನಗ ತಿಳಿಯಂಗಿಲ್ಲ, ಸುಮ್ನ ಹತ್ತು," ಎಂದ ಧರೆಪ್ಪ. ಅತ್ತಿಗೆ ನಾದಿನಿ ಹಿಂದಿನ ಸೀಟಿನಲ್ಲಿ ಉಂಡಿ ತಿನ್ನುತ್ತ ಕೂತರು. ದಶರಥ ಚುಕ್ಕಾಣಿ ಹಿಡಿದ. ಧರೆಪ್ಪ ಮೋಟಾರಿನ ಮೂತಿಯ ಮೇಲೆ ತಂಗಿ ಕೊಟ್ಟ ಕಂಬಳಿ ಹಾಸಿಕೊಂಡು, ಬಾರುಕೋಲು ಹಿಡಿದು, ಅರಸನ ಠೀವಿಯಲ್ಲಿ ಕೂತ. ರಬಕವಿಯಲ್ಲಿ ನೇಕಾರರು ಮಗ್ಗ ಬಿಟ್ಟು ಓಡಿ ಬಂದರು. ಜಮಖಂಡಿ ನಾಕಾದ ಚಹಾದಂಗಡಿಯವನು, "ಏನ ಧರೆಪ್ಪಣ್ಣ, ಈ ಸಲ ತಿರಗಿ ಹೋಗೂದಿಲ್ಲೇನ?" ಎಂದು ಕೇಳಿದ. ಅಲ್ಲಿ ಎತ್ತುಗಳನ್ನು ದಣಿವಾರಿಸಿ, ಮೇವು ಹಾಕಿ, ರಾತ್ರಿಯೆಲ್ಲ ಮುಂದೆ ಸಾಗಿದರು.

ತುಬಚಿಯ ಅಗಸಿ ಕಂಡಾಗ ಹೊತ್ತು ಹುಟ್ಟಿ ಒಂದಾಳು ಮೇಲೇರಿತ್ತು. ಧರೆಪ್ಪ ಮೋಟಾರು ನಿಲ್ಲಿಸಿದ. ಮುಂದಿನ ಜೋಡಿಯ ಎಡದ ಎತ್ತನ್ನು ಬಿಡಿಸಿ, ಆ ಜಾಗಕ್ಕೆ ಕೆಂಚನನ್ನು ಹೂಡಿದ. ಅದರ ಹಣೆಗೆ ಭಂಡಾರ ಹಚ್ಚಿ, ಕಿವಿಯ ಹತ್ತಿರ ಬಾಗಿ, "ನಡಿ ಮಗನ, ಮಂದಿ ನೋಡ್ಲಿ," ಎಂದ.

ಪಂಚಮಿಯ ಜೋಕಾಲಿ ಬಿಟ್ಟು ಊರೆಲ್ಲ ಬಂದಿತು, ಹುತ್ತಕ್ಕೆ ಹಾಲೆರೆಯಲು ಹೊರಟವರು ಹಾಲಿನ ಗಿಂಡಿ ಹಿಡಿದುಕೊಂಡೇ ಬಂದರು. ಮೋಟಾರು ಲಗಮವ್ವನ ಬಾಗಿಲಿಗೆ ಬಂದು ನಿಂತಿತು. ಅಲ್ಲಿ ಚನಮಲ್ಲಪ್ಪ ಡಬ್ಬಿ ಹಿಡಿದು ಕಾದಿದ್ದ.

"ಉಹೂಂ! ಹೊತ್ತ ಯಾವಾಗ ಹುಟ್ಟೇತಿ ನೋಡ್ರಿ! ಇದು ನನ್ನ ಪಾಳಿ. ತಡಾ ಮಾಡಿದ್ದಕ್ಕ ಈಕಿ ಪಾಳಿ ಕಳೀರಿ. ಏನಂತೀರಿ ಗಿರಮಲ್ಲಪ್ಪಣ್ಣ?"

ಗಿರಮಲ್ಲಪ್ಪನ ಕಣ್ಣು ನೊಗದ ಮೇಲಿತ್ತು. ಮೀಸೆಯ ಕೆಳಗೆ ನಗು ಹರಡಿತು. "ಎತ್ತ ಇನ್ನೂ ನೊಗದಾಗ ಅದಾವಲ್ಲೋ ಚನಮಲ್ಲಾ," ಎಂದ. "ಕೊಳ್ಳ ಹರಿಯೂತನಕ ಪಾಳಿ ಮುಗದಿಲ್ಲ. ಕಾಯದೆ ಇದ್ದದ್ದು ಇದ್ದಂಗ." ಸಾಬಣ್ಣ ಎಂದಿಲ್ಲದ ಹುರುಪಿನಿಂದ ಹೂಂ ಹೂಂ ಅಂದ.

ಧರೆಪ್ಪನಿಗೆ ಸಂಗತಿ ತಿಳಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಕಾಲ ಮೇಲೆ ಕಾಲು ಹಾಕಿ ಮೋಟಾರಿನ ಮೇಲೆ ಇನ್ನಷ್ಟು ಭದ್ರವಾಗಿ ಕೂತ. "ನನ್ನ ಎತ್ತ ಭಾಳ ನಿಧಾನ ಅಂತ, ಈ ಮನಿ ಯಜಮಾನ ಅಂದಿದ್ದ. ತಂಗೀ, ದೀಪಾವಳಿತನಕ ಹಿಂಗ ನಿಲ್ಲಿಸಲೇನ? ಅಲ್ಲಿತನಕ ಮೋಟಾರ ನಿಂದ."

ಊರಿಗೆ ಊರೇ ನಕ್ಕಿತು. ಚನಮಲ್ಲಪ್ಪನ ಕೈಯ ಡಬ್ಬಿ ಕೆಳಗೆ ಬಿತ್ತು.

ಲಗಮವ್ವ ಇಳಿದು ಬಂದಳು. ಒಂಬತ್ತು ವರ್ಷದ ಹಿಂದೆ ಗಂಟು ಹಿಡಿದು ನಿಂತ ಅದೇ ಹೊಸ್ತಿಲ ಮೇಲೆ ಈಗಲೂ ನಿಂತಳು. ಕೆಂಚನ ಬಾಯಲ್ಲಿ ನೊರೆ ಬಂದಿತ್ತು, ಮೈ ಬೆವರಿನಿಂದ ಹೊಳೆಯುತ್ತಿತ್ತು.

"ಕೊಳ್ಳ ಹರಿ ಅಣ್ಣಾ," ಎಂದಳು.

"ಹರಿದ್ರ ನಿನ್ನ ಪಾಳಿ ಮುಗೀತು, ನೋಡು."

"ಮುಗೀಲಿ. ನಾಕ ದಿನಕ್ಕ ಮತ್ತ ಬರತೈತಿ. ನೀ ಕೊಳ್ಳ ಹರಿ."

ಧರೆಪ್ಪನ ನಗು ನಿಂತಿತು. ಅವನು ಕೆಳಗಿಳಿದ, ರುಮಾಲಿನ ತುದಿಯಿಂದ ಮೂಗು ಒರೆಸಿಕೊಂಡ. ಮೊದಲು ಕೆಂಚನ ಕೊರಳಿನ ಗಂಟು ಬಿಚ್ಚಿದ, ನೊಗ ಎತ್ತಿ ಲಗಮವ್ವನ ಬಾಗಿಲಲ್ಲಿ ಇಳಿಸಿದ. ಅವಳು ಆಗಲೇ ಅಣ್ಣನ ಕಾಲಿಗೆ ನೀರು ತರಲು ಒಳಗೆ ಓಡಿದ್ದಳು.